ಹೆರೆಗಟ್ಟಿದ ಹೊತ್ತು

"ಇವನ ಕೈಗೆ ಬರೀ ನೀರು ಕೊಟ್ಟರೂ ಹಾಳುಮಾಡ್ತಾನೆ! ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಬಂದೋನು, ಇವನಿಗೆ ಉಪ್ಪು ಯಾವುದು ನೀರು ಯಾವುದು ಅಂತ ಯಾರು ಕಲಿಸ್ಬೇಕು? ತಂಗಿ ಮಗ ಅಂತ ತಂದು ಸೇರಿಸಿದೆ ನೋಡಿ, ನನ್ನ ಮುಖಕ್ಕೇ ಮಸಿ ಬಳಿದ!"

ಮೇಸ್ತ್ರಿ ಇದನ್ನು ಕರೆದು ಕೂರಿಸಿ ಹೇಳಲಿಲ್ಲ. ಐಸ್ ಕಾರ್ಖಾನೆಯ ಲಾರಿ ಕಟ್ಟೆಯ ಮೇಲೆ ನಿಂತು, ಹಮಾಲರು, ಡ್ರೈವರು, ಮೀನು ಮಾರುವ ಹೆಂಗಸರು, ಮ್ಯಾನೇಜರು, ಎಲ್ಲರ ಮುಂದೆ ಗಂಟಲು ಹರಿಯುವಂತೆ ಕೂಗಿದರು. ಬೆಳಗಿನ ಹತ್ತು ಗಂಟೆ. ಕಟ್ಟೆಯ ಕೆಳಗೆ ವಾಪಸು ಬಂದ ಲಾರಿ. ಲಾರಿಯ ತುಂಬ ಪುಡಿಮಾಡಿದ ಐಸು, ಅದರಿಂದ ಜಿನುಗಿ ಹರಿಯುತ್ತಿದ್ದ ನೀರು.

ಬೈಸಿಕೊಂಡವನು ಅವರ ಸೋದರಳಿಯ. ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಎಲ್ಲರಿಗೂ ಅವನು ಕೆಂಡ. ಐಸ್ ಕಾರ್ಖಾನೆಯಲ್ಲಿ ಕೆಂಡ! ಈ ತಮಾಷೆ ಹಳತಾಗಿ ನಾಲ್ಕು ವರ್ಷವಾಗಿದ್ದರೂ ಹಮಾಲರಿಗೆ ಇನ್ನೂ ಬೇಸರ ಬಂದಿರಲಿಲ್ಲ.

"ಕೆಂಡ ಉಪ್ಪು ತಿಂದಿದೆ, ಅದಕ್ಕೇ ಚಿಟಚಿಟ ಅಂತಿದೆ," ಎಂದ ಒಬ್ಬ. ಉಳಿದವರು ನಕ್ಕರು.

ನಡೆದದ್ದು ಇಷ್ಟು. ನಸುಕಿನಲ್ಲಿ ಮೂರನೆಯ ಸಾಲಿನ ಡಬ್ಬಗಳಿಂದ ಎತ್ತಿದ ಇಪ್ಪತ್ನಾಲ್ಕು ಐಸ್ ಗಡ್ಡೆಗಳು ಮಾರುಕಟ್ಟೆಗೆ ಹೋದವು. ಅಲ್ಲಿ ಯಂತ್ರಕ್ಕೆ ಕೊಟ್ಟು ಪುಡಿಮಾಡಿ ಮೀನಿನ ಮೇಲೆ ಸುರಿದರು. ಗಂಟೆ ಕಳೆಯುವುದರೊಳಗೆ ಪುಡಿ ಕರಗಿತು. ಮೀನಿನ ಪೆಟ್ಟಿಗೆಗಳ ತುಂಬ ಉಪ್ಪುನೀರು ನಿಂತಿತು. ಮೀನಿನ ಕಣ್ಣು ಬೆಳ್ಳಗಾಯಿತು, ಮೈ ಮೆತ್ತಗಾಯಿತು. ಐಸಿಗೆ ಉಪ್ಪು ಎಲ್ಲಿಂದ ಬಂತು?

ಮೀನಿನ ಹೆಂಗಸರು ಉಳಿದ ಪುಡಿಯನ್ನು ಲಾರಿಗೆ ತುಂಬಿಸಿಕೊಂಡೇ ಬಂದಿದ್ದರು. ಅವರಲ್ಲಿ ಹಿರಿಯಳು ಒಂದು ಹಿಡಿ ಎತ್ತಿ, "ತಗೊಳ್ಳಿ, ನೀವೇ ನೋಡಿ ನಿಮ್ಮ ಐಸಿನ ರುಚಿ!" ಎಂದು ಎಲ್ಲರ ಅಂಗೈಗೂ ಒಂದೊಂದು ಚೂರು ಇಟ್ಟಿದ್ದಳು. ಡ್ರೈವರು ಥೂ ಎಂದ. ಎಂಜಿನ್ ನೋಡಿಕೊಳ್ಳುವ ಅಣ್ಣ ಥೂ ಎಂದ. ಮ್ಯಾನೇಜರು ಕರ್ಚೀಫಿಗೆ ಉಗಿದರು. ಕೆಂಡನೂ ಉಗಿದ. ಮೇಸ್ತ್ರಿ ಚೂರನ್ನು ಬಾಯಲ್ಲಿಟ್ಟುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದರು, ಆಮೇಲೆ ಉಗಿದರು. ಉಗಿದ ಕೂಡಲೇ ತಿರುಗಿ ಅಳಿಯನ ಮೇಲೆ ಹರಿಹಾಯ್ದರು.

ಕೆಂಡನಿಗೆ ಕಿವಿ ಸುಟ್ಟಿತು. ಹೊಡೆಯಲು ಎತ್ತಿದ ಅವನ ಕೈ ಎತ್ತಿದಂತೆಯೇ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದ. ಆದರೆ ಇವರು ಮಾವ. ಅಪ್ಪ ಹೋದ ಮೇಲೆ ಎಂಟು ವರ್ಷ ತನ್ನ ತಟ್ಟೆಗೆ ಅನ್ನ ಬಡಿಸಿದವರು.

"ನಾನಲ್ಲ ಮಾವ," ಎಂದ ಅವನು. ದನಿ ಅವನಿಗೇ ಕೇಳಿಸಲಿಲ್ಲ.

"ನಿನ್ನೆ ಬೆಳಿಗ್ಗೆ ಮೂರನೇ ಸಾಲಿಗೆ ನೀರು ತುಂಬಿಸಿದ್ದು ಯಾರು?" ಎಂದರು ಮ್ಯಾನೇಜರು.

"ನಾನೇ."

"ಮಧ್ಯಾಹ್ನ ಮಾವನ ಜೊತೆ ಜಗಳ ಆಡಿ, ಏಪ್ರನ್ ಬಿಸಾಡಿ ಹೋಗಿದ್ದು ಯಾರು?"

"ನಾನೇ. ಆದರೆ—"

"ಆದರೆ ಗೀದರೆ ಏನಿಲ್ಲ. ವ್ಯಾಪಾರಿಗಳ ಸಂಘದಿಂದ ತಪಾಸಣೆಯವರು ಬರ್ತಿದ್ದಾರೆ. ಅವರು ಸಂಜೆಯೊಳಗೆ ಬರೆದುಕೊಡೋದೇ ಕೊನೆ ಮಾತು. ಬೇಕಂತಲೇ ಮಾಡಿದ್ದು ಅಂತ ಬರೆದರೆ ಪೊಲೀಸು. ಇಲ್ಲಿ ಅಷ್ಟೇ ಅಲ್ಲ, ಈ ಬಂದರಿನ ಯಾವ ಕಾರ್ಖಾನೆಯ ಬಾಗಿಲೂ ನಿನಗೆ ತೆಗೆಯಲ್ಲ, ತಿಳಕೋ."

*

ತಪಾಸಣೆಯವರು ಬಂದದ್ದು ಸೈಕಲ್ಲಿನಲ್ಲಿ. ಐವತ್ತು ದಾಟಿದ ಹೆಂಗಸು, ಕೊರಳಿಗೆ ದಾರ ಕಟ್ಟಿದ ಕನ್ನಡಕ, ಬಗಲಲ್ಲಿ ಒಂದು ನೋಟುಪುಸ್ತಕ. ಹಮಾಲರಿಗೆ ನಿರಾಸೆಯಾಯಿತು. ಜೀಪಾದರೂ ಬರಬಹುದೆಂದು ಅವರು ಕಾದಿದ್ದರು.

ಆಫೀಸಿನಲ್ಲಿ ಮ್ಯಾನೇಜರು ಕುರ್ಚಿ ಎಳೆದು ಕೊಟ್ಟರು. ಆಕೆ ಕೂರಲಿಲ್ಲ.

"ಕೆಟ್ಟ ಗಡ್ಡೆ ಒಂದು ತೋರಿಸಿ."

"ಎಲ್ಲಾ ಪುಡಿಯಾಗಿದೆ ಮೇಡಂ. ಲಾರಿಯಲ್ಲಿದೆಯಲ್ಲ—"

"ಪುಡಿ ಬೇಡ. ಇಡೀ ಗಡ್ಡೆ."

"ಇಲ್ಲ ಮೇಡಂ."

"ಇದೆ," ಎಂದ ಕೆಂಡ ಬಾಗಿಲ ಬಳಿಯಿಂದ. ಅವನನ್ನು ಅಲ್ಲೇ ನಿಲ್ಲಿಸಿದ್ದರು, ಓಡಿಹೋಗದಿರಲಿ ಎಂದು. "ಉಗ್ರಾಣದಲ್ಲಿ, ಮರದ ಹೊಟ್ಟಿನ ಕೆಳಗೆ. ಮೂರನೇ ಸಾಲಿನ ಒಂದು ಗಡ್ಡೆ ಎತ್ತೋವಾಗ ಮೂಲೆ ಒಡೀತು. ಒಡೆದದ್ದನ್ನು ಮಾರ್ಕೆಟ್ಟಿಗೆ ಕಳಿಸಲ್ಲ."

ಮ್ಯಾನೇಜರು ಅವನತ್ತ ದುರುಗುಟ್ಟಿ ನೋಡಿದರು. ತಪಾಸಣೆಯವರು ಮಾತ್ರ ಮೊದಲ ಬಾರಿಗೆ ಅವನ ಮುಖವನ್ನು ಸರಿಯಾಗಿ ನೋಡಿದರು.

"ನೀನೇನಾ ಆ ಹುಡುಗ?"

"ಹುಡುಗ ಅಲ್ಲ. ಇಪ್ಪತ್ತಮೂರು ನನಗೆ."

"ಸರಿಯಪ್ಪಾ, ಇಪ್ಪತ್ತಮೂರು. ನಡಿ, ತೋರಿಸು."

ಹೊರಡುವ ಮುಂಚೆ ಆಕೆ ಮೇಜಿನ ಮೇಲಿದ್ದ ಪಾಳಿ ಪುಸ್ತಕವನ್ನು ತಿರುವಿದರು. ಮೇಸ್ತ್ರಿಯ ದಪ್ಪ ಅಕ್ಷರ. ಮೂರನೆಯ ಸಾಲು: ನೀರು ತುಂಬಿದ್ದು ಆರು ಗಂಟೆ. ಅದರ ಕೆಳಗೆ: ಹೆರೆ, ಎರಡೂವರೆ. ಅದರ ಕೆಳಗೆ: ಎತ್ತಿದ್ದು, ಮಾರನೆಯ ದಿನ ಐದು.

"ಹೆರೆ ಅಂದರೆ ಏನಿಲ್ಲಿ?"

ಮ್ಯಾನೇಜರು ಕೆಮ್ಮಿದರು. "ಅದು... ಏನೋ ಅವರವರೇ ಬರ್ಕೋತಾರೆ ಮೇಡಂ. ಹಳೇ ಕಾಲದ ಮಾತು."

"ನೀವು ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?"

"ಆರು."

"ಆರು ವರ್ಷದಿಂದ ದಿನಾ ಸಹಿ ಹಾಕ್ತಿದ್ದೀರಿ. ಯಾರನ್ನೂ ಕೇಳಲಿಲ್ಲವಾ?"

ಮ್ಯಾನೇಜರ ಕತ್ತಿನವರೆಗೂ ಕೆಂಪೇರಿತು. ಮೊದಲನೆಯ ದಿನ ಕೇಳಬೇಕಿತ್ತು. ಎರಡನೆಯ ದಿನಕ್ಕೆ ನಾಚಿಕೆಯಾಯಿತು. ಆಮೇಲೆ ಕೇಳುವ ಹಾಗೇ ಇರಲಿಲ್ಲ.

"ನೀನು ಹೇಳಪ್ಪ," ಎಂದರು ಆಕೆ ಕೆಂಡನಿಗೆ.

ಕೆಂಡ ನೆಲ ನೋಡಿದ. ಅವನಿಗೆ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ಮಾತನ್ನು ಹೊರಗಿನವರ ಮುಂದೆ ಆಡುವುದನ್ನು ಅವನು ಬಿಟ್ಟು ಮೂರು ವರ್ಷವಾಗಿತ್ತು. ಒಮ್ಮೆ ಚಹಾ ಅಂಗಡಿಯಲ್ಲಿ "ನೀರು ಇನ್ನೂ ಹೆರೆಗಟ್ಟಿಲ್ಲ" ಎಂದಿದ್ದಕ್ಕೆ, ಪಕ್ಕದ ಕಾರ್ಖಾನೆಯ ಹುಡುಗರು "ಏನಜ್ಜಿ, ಹೇಗಿದ್ದೀಯ?" ಎಂದು ಬೆನ್ನು ಬಗ್ಗಿಸಿ ಕುಂಟಿ ತೋರಿಸಿದ್ದರು. ಅಂದಿನಿಂದ ಅವನ ಬಾಯಲ್ಲಿ ಬರೀ ಫ್ರೀಜು.

"ಫ್ರೀಜ್ ಆಗೋದು ಅಂತ," ಎಂದ.

"ಪೂರ್ತಿ ಫ್ರೀಜಾ?"

ಅವನು ಮ್ಯಾನೇಜರ ಕಡೆ ಓರೆಗಣ್ಣಿಂದ ನೋಡಿದ.

"ನಗಲ್ಲ, ಹೇಳು. ಚಳಿಗಾಲದಲ್ಲಿ ನಮ್ಮಜ್ಜಿ ಎಣ್ಣೆ ಶೀಶೆನ ಬಿಸಿಲಿಗೆ ಇಟ್ಟು 'ಹೆರೆಗಟ್ಟಿದೆ ಕಣೇ, ಮುಟ್ಟಬೇಡ' ಅನ್ನೋರು. ಎಣ್ಣೆಗೆ ಕೇಳಿದೀನಿ, ತುಪ್ಪಕ್ಕೆ ಕೇಳಿದೀನಿ. ನೀರಿಗೆ ಕೇಳಿರಲಿಲ್ಲ. ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಅದಕ್ಕೇ ಕೇಳ್ತಿದ್ದೀನಿ."

ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳಿದವರನ್ನು ಕೆಂಡ ನೋಡಿರಲಿಲ್ಲ.

"ಪೂರ್ತಿ ಗಟ್ಟಿಯಾದರೆ ಅದು ಗಡ್ಡೆ," ಎಂದ ಅವನು, ನಿಧಾನವಾಗಿ. "ಹೆರೆಗಟ್ಟೋದು ಅದಕ್ಕಿಂತ ಮುಂಚೆ. ಡಬ್ಬದ ಗೋಡೆಯಿಂದ ಒಳಕ್ಕೆ ಹಿಡೀತಾ ಬರುತ್ತೆ. ಸುತ್ತ ಗಟ್ಟಿ, ನಡುವೆ ಮಾತ್ರ ನೀರು. ಆ ನಡುವಿನದನ್ನು ಎದೆ ಅಂತೀವಿ. ನೀರಲ್ಲಿರೋ ಕಸ, ಮಣ್ಣು, ಎಲ್ಲಾ ಎದೆಗೆ ಬಂದು ಸೇರುತ್ತೆ. ಅದಕ್ಕೇ ಹೆರೆಗಟ್ಟಿದ ತಕ್ಷಣ ಎದೆನೀರನ್ನು ಪಂಪಲ್ಲಿ ಎಳೆದು ಚೆಲ್ಲಿ, ಹೊಸ ನೀರು ಹುಯ್ಯಬೇಕು. ಆಗ ಗಡ್ಡೆ ಗಾಜಿನ ಹಾಗೆ ಬರುತ್ತೆ."

"ಹೆಪ್ಪುಗಟ್ಟೋದು ಅಂದರೂ ಇದೇನಾ?"

"ಅಲ್ಲ. ಹೆಪ್ಪು ನಾವು ಹಾಕಬೇಕು ಮೇಡಂ, ಹಾಲಿಗೆ. ಹೆರೆ ತಾನಾಗೇ ಕಟ್ಟೋದು, ಚಳಿಗೆ. ಮಾವ ಹೇಳ್ತಾರೆ—" ಅವನ ಮಾತು ತುಂಡಾಯಿತು. ಇಂದು ಅವರ ಮಾತನ್ನು ತನ್ನ ಬಾಯಲ್ಲಿ ಹೊರಡಿಸಬಾರದೆಂದು ಬೆಳಿಗ್ಗೆಯಷ್ಟೇ ನಿಶ್ಚಯಿಸಿದ್ದ.

ಆಕೆ ನೋಟುಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡರು. ಕೆಂಡನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

*

ಉಗ್ರಾಣದಲ್ಲಿ ಮಂಡಿಯೆತ್ತರದ ಹೊಟ್ಟು. ಕೆಂಡ ಕೈಯಲ್ಲಿ ಬಗೆದು ಗಡ್ಡೆಯನ್ನು ಎಳೆದ. ಮೂಲೆ ಒಡೆದಿತ್ತು, ಉಳಿದದ್ದು ಸರಿಯಾಗಿಯೇ ಇತ್ತು.

"ನಡುವೆ ಕೊಯ್ಯಿ," ಎಂದರು ತಪಾಸಣೆಯವರು.

ಅಷ್ಟು ಹೊತ್ತಿಗೆ ಮೇಸ್ತ್ರಿಯೂ ಎಂಜಿನಣ್ಣನೂ ಬಂದು ನಿಂತಿದ್ದರು. ಕೆಂಡ ಗರಗಸ ಹಿಡಿದ. ಹಲ್ಲು ಕಚ್ಚಿ, ಒಂದೇ ಉಸಿರಿಗೆ ಅಡ್ಡಡ್ಡ ಕೊಯ್ದ. ಗಡ್ಡೆ ಎರಡು ಹೋಳಾಯಿತು. ನಡುವಿನಿಂದ ಅಂಬಲಿಯಂಥ ಬೆಳ್ಳನೆಯ ಕೆಸರು ಗುಳಕ್ಕೆಂದು ನೆಲಕ್ಕೆ ಬಿತ್ತು. ಸುತ್ತಲಿನ ನಾಲ್ಕು ಬೆರಳು ದಪ್ಪದ ಗೋಡೆ ಮಾತ್ರ ಗಾಜಿನಂತೆ ನಿಂತಿತ್ತು. ಅದರಾಚೆಗಿದ್ದ ಮ್ಯಾನೇಜರ ಪಂಚೆಯ ಅಂಚು ಕೂಡ ಕಾಣುತ್ತಿತ್ತು.

ಆಕೆ ಗೋಡೆಯಿಂದ ಒಂದು ಚೂರು ಕಿತ್ತು ಬಾಯಿಗಿಟ್ಟರು. "ಸಿಹಿ." ನಡುವಿನ ಕೆಸರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಮುಖ ಕಿವುಚಿದರು. "ಉಪ್ಪು!"

ಆಕೆ ಮೇಸ್ತ್ರಿಯ ಕಡೆ ತಿರುಗಿದರು.

"ಬೆಳಿಗ್ಗೆ ಆರಕ್ಕೆ ಇವನು ಉಪ್ಪುನೀರು ತುಂಬಿಸಿದ್ದರೆ ಗೋಡೆ ಇಷ್ಟು ಸ್ವಚ್ಛವಾಗಿ ಕಟ್ತಿತ್ತಾ ಮೇಸ್ತ್ರಿಗಳೇ?"

ಮೇಸ್ತ್ರಿ ಗಡ್ಡೆಯನ್ನೇ ನೋಡುತ್ತಿದ್ದರು. "ಇಲ್ಲ," ಎಂದರು. "ಅಷ್ಟು ಉಪ್ಪಿದ್ದರೆ ಹೆರೆನೇ ಕಟ್ಟಲ್ಲ."

"ಅಂದರೆ ಉಪ್ಪು ಒಳಗೆ ಹೋಗಿದ್ದು ಹೆರೆಗಟ್ಟಿದ ಮೇಲೆ. ಎರಡೂವರೆ ಆದ ಮೇಲೆ. ಆಗ ನೀನೆಲ್ಲಿದ್ದೆಯಪ್ಪ?"

"ಹನ್ನೆರಡಕ್ಕೇ ಗೇಟು ದಾಟಿದೆ. ಗೇಟಿನವರ ಪುಸ್ತಕದಲ್ಲಿದೆ. ವಾಪಸು ಬಂದಿದ್ದು ಇವತ್ತು ಬೆಳಿಗ್ಗೆ."

ಗೇಟಿನ ಪುಸ್ತಕ ತರಿಸಿದರು. ಹಾಗೇ ಇತ್ತು.

ಕೆಂಡ ಮಾವನ ಕಡೆ ನೋಡಿದ. ಈಗಲಾದರೂ ಹೇಳಲಿ! ತಪ್ಪಾಯ್ತು ಕಣೋ ಎಂದು ಒಂದು ಮಾತು. ಕಟ್ಟೆಯ ಮೇಲೆ ನಿಂತು ಕೂಗದಿದ್ದರೂ ಪರವಾಗಿಲ್ಲ, ಇಲ್ಲೇ, ಈ ಹೊಟ್ಟಿನ ನಡುವೆ, ಮೆಲ್ಲಗೆ. ಮೇಸ್ತ್ರಿ ಮುಖ ತಿರುಗಿಸಿ ಹೊರಗೆ ಹೋದರು.

ಕೆಂಡ ಗರಗಸವನ್ನು ಹೊಟ್ಟಿನ ಮೇಲೆ ಎಸೆದ. ಆಗಲಿ. ನೋಡೋಣ, ಇದು ಎಲ್ಲಿಗೆ ಮುಟ್ಟುತ್ತದೋ.

*

ತೊಟ್ಟಿಯ ಕೋಣೆಗೆ ಕಾಲಿಟ್ಟರೆ ಕಂಪ್ರೆಸರಿನ ಗುಂಯ್‌ಗುಡುವಿಕೆ. ನೆಲದ ಮಟ್ಟಕ್ಕೆ ಮರದ ಮುಚ್ಚಳಗಳು, ಅವುಗಳ ಕೆಳಗೆ ಸಾಲುಸಾಲಾಗಿ ಡಬ್ಬಗಳು, ಡಬ್ಬಗಳ ಸುತ್ತ ಕೊರೆಯುವ ಉಪ್ಪುನೀರು. ಗೋಡೆಯ ಬದಿಗೆ ಎರಡು ನೀಲಿ ಡ್ರಮ್ಮುಗಳು.

"ನಿನ್ನೆ ಮಧ್ಯಾಹ್ನ ಇಲ್ಲಿ ಯಾರ‍್ಯಾರಿದ್ದಿರಿ?"

"ನಾನು, ಮೇಸ್ತ್ರಿಗಳು," ಎಂದ ಎಂಜಿನಣ್ಣ. "ಆ ಕಡೆ ಹಮಾಲರು ಇಬ್ಬರು ಕೂತು ಬೀಡಿ ಸೇದ್ತಿದ್ದರು."

"ತೊಟ್ಟಿಯ ಉಪ್ಪುನೀರು ಉಕ್ಕಿ ಡಬ್ಬಕ್ಕೆ ಹೋಗಿರಬಹುದಾ?"

"ಉಕ್ಕಿದ್ದರೆ ಎಲ್ಲಾ ಸಾಲೂ ಕೆಡಬೇಕಿತ್ತು ಅಮ್ಮ. ಮೂರನೇದೊಂದೇ ಕೆಟ್ಟಿದೆ."

"ಎದೆನೀರು ತೆಗೆದಿದ್ದು ಯಾರು?"

"ನಾನು. ಪಂಪು ನನ್ನದು."

"ಹೊಸ ನೀರು ಹುಯ್ದಿದ್ದು?"

"ಮೇಸ್ತ್ರಿಗಳು. ನಿನ್ನೆ ಹುಯ್ದಿದ್ದು ಮೂರನೇ ಸಾಲಿಗೊಂದೇ. ಅದು ಅವರದೇ ಕೆಲಸ. ಬೇರೆ ಯಾರಿಗೂ ಬಿಡಲ್ಲ."

"ಎಲ್ಲಿಂದ ತಗೊಂಡರು?"

"ಈ ಡ್ರಮ್ಮಿಂದ. ಬಾಗಿಲ ಕಡೆ ಇರೋದು ಸಿಹಿನೀರು. ಗೋಡೆ ಕಡೆ ಇರೋದು ಉಪ್ಪುನೀರು, ತೊಟ್ಟಿಗೆ ಕಮ್ಮಿಯಾದರೆ ಹುಯ್ಯೋಕೆ."

"ಎರಡೂ ಒಂದೇ ಥರ ಇವೆಯಲ್ಲ?"

ಎಂಜಿನಣ್ಣ ತಲೆ ಕೆರೆದುಕೊಂಡ. "ಮುಂಚೆ ಸಿಹಿನೀರಿಂದು ಕೆಂಪು ಡ್ರಮ್ಮು. ಹೋದ ವಾರ ಸೀಳಿತು. ಸಾಹೇಬರು ಇದನ್ನ ತರಿಸಿದರು."

ಮ್ಯಾನೇಜರು ಮತ್ತೊಮ್ಮೆ ಕೆಮ್ಮಿದರು.

"ನಿನ್ನೆ ಇವನ್ನ ಯಾರಾದರೂ ಜರುಗಿಸಿದ್ದಿರಾ?"

ಎಂಜಿನಣ್ಣನ ಮುಖ ಬಾಡಿತು. ಅವನು ಮ್ಯಾನೇಜರ ಕಡೆ ನೋಡಿದ, ಕೆಂಡನ ಕಡೆ ನೋಡಿದ, ನೆಲ ನೋಡಿದ. "ಬೆಳಿಗ್ಗೆ ನೆಲ ತೊಳೆದೆ. ಆಗ ಸರಿಸಿದ್ದೆ. ವಾಪಸು ಇಡುವಾಗ... ಹಿಂದೆಮುಂದೆ ಆಗಿರಬಹುದು ಅಮ್ಮ. ಆಣೆ ಮಾಡಿ ಹೇಳೋಕಾಗಲ್ಲ."

"ಹಾಗಾದರೆ ನೀನೇ!" ಎಂದರು ಮ್ಯಾನೇಜರು.

"ನಾನು ಹೇಗೆ ಸಾಹೇಬರೇ? ಡ್ರಮ್ಮು ಹಿಂದೆಮುಂದೆ ಆದರೆ ಏನಾಯ್ತು? ನಾಲಿಗೆಗೆ ಮುಟ್ಟಿಸದೆ ಎದೆಗೆ ನೀರು ಹುಯ್ಯಲ್ಲ ಇಲ್ಲಿ. ನಮ್ಮ ಮೇಸ್ತ್ರಿಗಳ ಕಾನೂನು ಅದು, ಮೂವತ್ತು ವರ್ಷದ್ದು. ನಿನ್ನೆನೂ ಬೆರಳು ಅದ್ದಿ ಬಾಯಿಗಿಟ್ಟುಕೊಂಡರು. ನಾನು ನೋಡಿದೆ, ಹಮಾಲರು ನೋಡಿದರು. ತಲೆ ಆಡಿಸಿ, 'ಸರಿ, ಹಿಡಿ' ಅಂದರು. ಆಮೇಲೇ ಬಕೆಟ್ಟು ಎತ್ತಿದ್ದು. ಅಂದಮೇಲೆ ಅದು ಸಿಹಿನೀರೇ ಆಗಿರಬೇಕು."

"ಹೌದು, ಆಗಿರಬೇಕು," ಎಂದರು ಆಕೆ. "ಸಂಜೆ ತೊಟ್ಟಿಗೆ ಏನಾದರೂ ಹುಯ್ದೆಯಾ?"

"ಗೋಡೆ ಕಡೆ ಡ್ರಮ್ಮು ಪೂರ್ತಿ ಬಗ್ಗಿಸಿದೆ. ಉಪ್ಪು ಕಮ್ಮಿ ತೋರಿಸ್ತಿತ್ತು."

"ಆಮೇಲೆ ಏರಿತಾ?"

ಎಂಜಿನಣ್ಣ ತೊಟ್ಟಿಯ ಕಡೆ ತಿರುಗಿ ನೋಡಿದ. "ಇಲ್ಲ. ಇನ್ನೂ ಇಳೀತು. ಅಳತೆ ಕಡ್ಡಿ ಕೆಟ್ಟಿದೆ ಅಂದುಕೊಂಡೆ."

ಆಕೆ ಪುಸ್ತಕ ಮುಚ್ಚಿದರು. ಕೆಂಡನನ್ನು ಕೈಸನ್ನೆಯಿಂದ ಹತ್ತಿರ ಕರೆದರು. ಮೇಸ್ತ್ರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅವರ ಹಿಂದೆ ಹಮಾಲರು, ಮೀನಿನ ಹೆಂಗಸರು ಇಣುಕುತ್ತಿದ್ದರು.

"ಬೆಳಿಗ್ಗೆ ಕಟ್ಟೆ ಮೇಲೆ ಎಲ್ಲರೂ ಐಸಿನ ಚೂರು ಬಾಯಿಗಿಟ್ಟುಕೊಂಡಿರಂತೆ. ಯಾರು ಮೊದಲು ಉಗಿದರು?"

"ಡ್ರೈವರು," ಎಂದ ಕೆಂಡ. "ಆಮೇಲೆ ಅಣ್ಣ. ಆಮೇಲೆ ಸಾಹೇಬರು, ನಾನು."

"ಕೊನೆಗೆ?"

ಆ ಕ್ಷಣಕ್ಕೆ ಅವನಿಗೆ ಎಲ್ಲವೂ ತಿಳಿಯಿತು. ಕಟ್ಟೆಯ ಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದ ಆ ಎರಡು ಕಣ್ಣು. ಅವನು ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ತಾನು ತಪ್ಪಿತಸ್ಥನಲ್ಲವೆಂಬುದು ಉಗ್ರಾಣದಲ್ಲೇ ತೀರ್ಮಾನವಾಗಿತ್ತು. ಇನ್ನು ಅವನಿಗೆ ಏನೂ ಬೇಕಿರಲಿಲ್ಲ.

ಆದರೆ ಕಿವಿಯಲ್ಲಿ ಇನ್ನೂ ಹಮಾಲರ ನಗು ಇತ್ತು.

"ಮಾವ," ಎಂದ, ಬಾಗಿಲವರೆಗೂ ಕೇಳುವಂತೆ. "ಎಲ್ಲರೂ ಉಗಿದ ಮೇಲೆ ಉಗಿದರು. ನಮ್ಮ ಮುಖ ನೋಡ್ಕೊಂಡು ಉಗಿದರು. ಇನ್ನೂ ಹೇಳ್ಲಾ? ಆರು ತಿಂಗಳಿಂದ ಅತ್ತೆ ಅಡುಗೆಗೆ ಉಪ್ಪು ಮರೆತರೂ ಒಂದು ಮಾತಾಡಲ್ಲ. ಮುಂಚೆ ತಟ್ಟೆ ಎಸೀತಿದ್ದರು. ನಾವೆಲ್ಲ ಮಾವನಿಗೆ ವಯಸ್ಸಾಯ್ತು, ಸಾಧು ಆಗಿಬಿಟ್ಟರು ಅಂದುಕೊಂಡು, ಅತ್ತೆ ಅಂತೂ ಎಷ್ಟು ಖುಷಿಯಾಗಿ—"

ಅತ್ತೆಯ ಖುಷಿಯನ್ನೂ ಇವರೆಲ್ಲರ ಕಾಲ ಕೆಳಗೆ ಹಾಕಿದೆನಲ್ಲ ಎಂದು ಹೊಳೆಯುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು.

ತಪಾಸಣೆಯವರು ಎರಡು ಲೋಟ ತರಿಸಿದರು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ತೊಟ್ಟಿಯ ನೀರು. ಮೇಸ್ತ್ರಿಯ ಎದುರು ಮರದ ಮುಚ್ಚಳದ ಮೇಲೆ ಇಟ್ಟರು.

"ಯಾವುದು ಸಿಹಿ, ಮೇಸ್ತ್ರಿಗಳೇ?"

ಮೇಸ್ತ್ರಿ ಬಗ್ಗಿದರು. ಬೆರಳು ಲೋಟದ ಅಂಚಿಗೆ ಹೋಯಿತು, ಅಲ್ಲೇ ನಿಂತಿತು. ಮೂವತ್ತು ವರ್ಷ ಉಪ್ಪುನೀರಿನಲ್ಲಿ ಬೆಂದು ಬಿರುಕುಬಿಟ್ಟ ಬೆರಳು. ಕಂಪ್ರೆಸರ್ ಗುಂಯ್‌ಗುಡುತ್ತಲೇ ಇತ್ತು.

"ಬೇಡ ಅಮ್ಮ," ಎಂದರು ಅವರು. "ಮುಟ್ಟಿಸಿದರೂ ಒಂದೇ, ಬಿಟ್ಟರೂ ಒಂದೇ. ನಾನೇ ಹುಯ್ದಿದ್ದು."

ಆಕೆ ಸುತ್ತ ನೋಡಿ, ಮೆಲುದನಿಯಲ್ಲೇ ಹೇಳಿದರು. "ಇಲ್ಲಿ ಯಾರೂ ಬೇಕಂತ ಉಪ್ಪು ಬೆರೆಸಿಲ್ಲ. ಡ್ರಮ್ಮು ಹಿಂದೆಮುಂದೆ ಆಗಿತ್ತು. ತೊಟ್ಟಿಯ ಉಪ್ಪು ಏರದೆ ಇಳಿದಿದ್ದೇ ಅದಕ್ಕೆ ಸಾಕ್ಷಿ, ಸಿಹಿನೀರು ಅಲ್ಲಿಗೆ ಹೋಗಿತ್ತು. ಆದರೆ ಅದನ್ನ ಯಾರೂ ಅನುಮಾನಿಸಲಿಲ್ಲ. ಯಾಕೆ? ಮೇಸ್ತ್ರಿ ರುಚಿ ನೋಡಿದ್ದನ್ನ ಎಲ್ಲರೂ ಕಣ್ಣಾರೆ ಕಂಡಿದ್ದರು. ನೋಡಿದರು ಅನ್ನೋದು ನಿಜ. ಆದರೆ ಅವರಿಗೆ ರುಚಿ ಗೊತ್ತಾಯ್ತಾ ಅಂತ ಯಾರೂ ಕೇಳಲಿಲ್ಲ. ಬೆಳಿಗ್ಗೆ ಐಸು ಬಾಯಿಗೆ ಬಿದ್ದ ಕೂಡಲೇ ನಾಲ್ಕು ಜನ ಥೂ ಅಂದರು. ಅದು ತಡೆಯೋಕಾಗದ್ದು. ಒಬ್ಬರು ಮಾತ್ರ ತಡೆದರು." ಮೇಸ್ತ್ರಿಯ ಕಡೆ ತಿರುಗಿದರು. "ಎಷ್ಟು ದಿನ ಆಯ್ತು?"

"ಆರು ತಿಂಗಳು. ಜ್ವರ ಬಂದು ಹೋಯ್ತಲ್ಲ, ಅದು ಹೋಗುವಾಗ ನಾಲಿಗೇನೂ ತಗೊಂಡು ಹೋಯ್ತು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ..."

"ಯಾರಿಗೂ ಹೇಳಲಿಲ್ಲ."

"ಏನಂತ ಹೇಳಲಿ? ಕೆಂಪು ಡ್ರಮ್ಮು ಇರೋವರೆಗೂ ನಡೆದುಹೋಯ್ತು. ನಿನ್ನೆ ಇವನು ಬಂದು, ಎದೆನೀರು ಹುಯ್ಯೋದು ಕಲಿಸು ಮಾವ ಅಂದ. ಕಲಿಸಬೇಕಾದರೆ ಮೊದಲು ಬೆರಳು ಅದ್ದಿ ಬಾಯಿಗಿಡು, ಏನನ್ನಿಸುತ್ತೆ ಹೇಳು ಅನ್ನಬೇಕು. ಅವನು ಸಿಹಿ ಅಂದರೂ ನನಗೆ ಗೊತ್ತಾಗಲ್ಲ, ಉಪ್ಪು ಅಂದರೂ ಗೊತ್ತಾಗಲ್ಲ. ಅದಕ್ಕೇ ಬೈದು ಅಟ್ಟಿದೆ."

"ಬೆಳಿಗ್ಗೆ?"

"ಬೆಳಿಗ್ಗೆ ನಿಜವಾಗ್ಲೂ ಗೊತ್ತಿರಲಿಲ್ಲ ಅಮ್ಮ, ನಾನೇ ಅಂತ. ಎಲ್ಲರೂ ಉಗಿದರು, ನಾನೂ ಉಗಿದೆ. ಎಲ್ಲಿ ನನ್ನನ್ನ ಕೇಳ್ತಾರೋ ಅಂತ ಭಯ. ಬಾಯಿಗೆ ಬಂದಿದ್ದು ಇವನ ಹೆಸರು. ಗಡ್ಡೆ ಕೊಯ್ದಾಗ ಗೊತ್ತಾಯ್ತು. ಆಗಲೇ ಹೇಳಬೇಕಿತ್ತು." ಅವರು ಅಳಿಯನ ಕಡೆ ನೋಡಲಿಲ್ಲ. "ಬಾಯಿ ಬರಲಿಲ್ಲ."

"ಓಹೋ!" ಎಂದರು ಮ್ಯಾನೇಜರು. ಅವರಿಗೆ ಈಗ ಪ್ರಾಣ ಬಂದಂತಿತ್ತು. "ಆರು ತಿಂಗಳಿಂದ ನಾಲಿಗೆಯಿಲ್ಲದ ಮೇಸ್ತ್ರಿಗೆ ಸಂಬಳ ಕೊಡ್ತಿದ್ದೀವಿ ಅನ್ನಿ! ಇಷ್ಟು ದಿನ ಬೆರಳು ಚೀಪಿದ್ದು ಬರೀ ನಾಟಕ?"

ಹಮಾಲರು ನಕ್ಕರು. ಬೆಳಿಗ್ಗೆ ಕೆಂಡನನ್ನು ನೋಡಿ ನಕ್ಕವರೇ. "ಮನೇಲಿ ಅತ್ತೆಮ್ಮನ ಅದೃಷ್ಟ ನೋಡ್ರೋ," ಎಂದ ಒಬ್ಬ. "ಮಣ್ಣು ಕಲಸಿಕೊಟ್ಟರೂ ಉಣ್ತಾರೆ!" ಮೀನಿನ ಹೆಂಗಸರ ಕಡೆಯಿಂದಲೂ ಕಿಸಕ್ಕೆಂದಿತು.

ಮೇಸ್ತ್ರಿ ತಲೆ ತಗ್ಗಿಸಿ ನಿಂತರು. ಅವರ ಕತ್ತಿನ ಹಿಂಭಾಗ ಇಷ್ಟು ಸಣ್ಣದೆಂದು ಕೆಂಡನಿಗೆ ಗೊತ್ತಿರಲಿಲ್ಲ.

"ಸಾಕು," ಎಂದರು ತಪಾಸಣೆಯವರು ಗಡುಸಾಗಿ. "ಒಂದೇ ಬಣ್ಣದ ಡ್ರಮ್ಮು ತರಿಸಿದವರದ್ದೂ ಬರೆಯೋದಿದೆ ನನಗೆ." ನಗು ನಿಂತಿತು. ಆಕೆ ಗೋಡೆಗೆ ಒತ್ತಿ ಬರೆದು ಮುಗಿಸಿ, ಹಾಳೆ ಹರಿದು ಮ್ಯಾನೇಜರ ಕೈಗಿಟ್ಟರು. ಬೇಕೆಂದು ಮಾಡಿದ್ದಲ್ಲ, ಪೊಲೀಸು ಬೇಡ, ಹಾಳಾದ ಮೀನಿನ ನಷ್ಟ ಕಾರ್ಖಾನೆಯದು, ಅಳಿಯನ ತಪ್ಪು ಏನೂ ಇಲ್ಲ. ಹೊರಡುವಾಗ ಕೆಂಡನ ಹತ್ತಿರ ನಿಂತು ಅವನ ಮುಖ ನೋಡಿದರು. ಆಮೇಲೆ ಸೈಕಲ್ಲಿನ ಕಡೆ ನಡೆದರು.

ಅವನಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಎಲ್ಲರೆದುರು ಹೋದ ಮಾನ ಎಲ್ಲರೆದುರೇ ಬಂದಿತ್ತು. ಆದರೆ ನೆಲ ಬಾಯಿಬಿಟ್ಟರೆ ಇಳಿದುಹೋಗುವಂತಿದ್ದವನು ಅವನೇ. ಮಾವ ಬೈದದ್ದು ಹೆದರಿಕೆಗೆ. ತಾನು ಹೇಳಿದ್ದು ಗೊತ್ತಿದ್ದೂ ಗೊತ್ತಿದ್ದೂ.

ಮ್ಯಾನೇಜರು ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಗಡಿಯಾರ ನೋಡಿದರು. ಎರಡು ದಾಟಿತ್ತು.

"ಮೊದಲನೇ ಸಾಲು ಇನ್ನೇನು ಹೆರೆಗಟ್ಟುತ್ತೆ," ಎಂದರು, ಆ ಮಾತನ್ನು ಆರು ವರ್ಷದಿಂದ ಆಡುತ್ತಿದ್ದವರಂತೆ. "ಲೋ ಕೆಂಡ, ಇವತ್ತಿಂದ ಎದೆನೀರು ನಿನ್ನದು. ಮೇಸ್ತ್ರಿ ಕೆಲಸ, ಮೇಸ್ತ್ರಿ ಸಂಬಳ. ಇವರು ಬೇಕಾದರೆ ಉಗ್ರಾಣದಲ್ಲಿ ಹೊಟ್ಟು ಹರಡಿಕೊಂಡಿರಲಿ. ಏನಂತೀಯ?"

ಕೆಂಡ ಮಾವನ ಕಡೆ ನೋಡಿದ.

ಮೇಸ್ತ್ರಿ ಬಗ್ಗಿ, ಮುಚ್ಚಳದ ಪಕ್ಕ ಇದ್ದ ಬಕೆಟ್ಟನ್ನು ಎತ್ತಿದರು. ಅದನ್ನು ಅಳಿಯನ ಕಡೆ ಚಾಚಿದರು. ಈಗ ಮೊದಲ ಬಾರಿಗೆ ಅವನ ಮುಖ ನೋಡಿದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

"ಹಿಡಕೊಳೋ," ಎಂದರು. "ಹೊತ್ತು ಮೀರಿದರೆ ಎದೆ ಮುಚ್ಚಿಕೊಳ್ಳುತ್ತೆ. ಬಾ, ತೋರಿಸ್ತೀನಿ. ಕಲಿಸು ಅಂದಿದ್ದೆಯಲ್ಲ?"

ಎಂಜಿನಣ್ಣ ಪಂಪಿನ ಕೊಳವೆ ಹಿಡಿದು ಕಾಯುತ್ತಿದ್ದ. ಬಾಗಿಲಲ್ಲಿದ್ದವರೆಲ್ಲ ಕೆಂಡನನ್ನೇ ನೋಡುತ್ತಿದ್ದರು.

"ನಿನ್ನನ್ನೇ ಕಣೋ ಕೇಳ್ತಿರೋದು," ಎಂದರು ಮ್ಯಾನೇಜರು. "ಹೂಂ ಅಂತೀಯಾ, ಉಹೂಂ ಅಂತೀಯಾ?"

ಕೆಂಡ ಅಂಗಿಗೆ ಹತ್ತಿದ್ದ ಹೊಟ್ಟನ್ನು ಕೊಡವಿದ. ಚಾಚಿದ ಬಕೆಟ್ಟನ್ನು ಮುಟ್ಟದೆ ಮಾವನನ್ನು ದಾಟಿ, ಬಾಗಿಲ ಹಮಾಲರನ್ನು ಭುಜದಿಂದ ಸರಿಸಿ, ಕಟ್ಟೆ ಇಳಿದು, ಉಪ್ಪುನೀರು ಸುರಿಸುತ್ತಿದ್ದ ಲಾರಿಯ ಪಕ್ಕದಿಂದ ಗೇಟಿನ ಕಡೆ ನಡೆದುಹೋದ.